ಹೆಗ್ಗಣ, ಪಂದಿಕೊಕ್ಕು

ನಮ್ಮ ಗಡಿಸೀಮೆಯಲ್ಲಿ ಒಂದೇ ಪ್ರಾಣಿಗೆ ಎರಡು ಬೈಗುಳ: ಕನ್ನಡದಲ್ಲಿ ಹೆಗ್ಗಣ, ತೆಲುಗಿನಲ್ಲಿ ಪಂದಿಕೊಕ್ಕು. ಹೆಬ್ಬಾವು, ಹೆಬ್ಬಾಗಿಲುಗಳ ಜೊತೆಗಿಟ್ಟು ಕೇಳಿದರೆ ಕನ್ನಡದ ಹೆಸರಿನಲ್ಲಿ ಗಾತ್ರದ ಬೆರಗು ಕಿವಿಗೆ ಬೀಳುತ್ತದೆ. ತೆಲುಗರು ಅದರಲ್ಲಿ ಹಂದಿಯನ್ನೇ ಕಂಡರು. ಆಂಗ್ಲರು ಕಿವಿಗೊಟ್ಟದ್ದು ತೆಲುಗಿಗೆ. ಅವರ ‘ಬ್ಯಾಂಡಿಕೂಟ್’ ಎಂಬ ಪದ ಪಂದಿಕೊಕ್ಕಿನಿಂದಲೇ ಹುಟ್ಟಿದ್ದು. ಮುಂದೆ ಅದು ಹಡಗೇರಿ ಆಸ್ಟ್ರೇಲಿಯಾ ತಲುಪಿ, ಇಲಿಯ ಕುಲಕ್ಕೇ ಸೇರದ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಒಂದು ಜೀವಿಗೆ ಅಂಟಿಕೊಂಡಿತು.

ಈ ದ್ವೇಷಕ್ಕೆ ಕಾರಣವಿಲ್ಲದಿಲ್ಲ. ದೊಡ್ಡ ಹೆಗ್ಗಣ ಒಂದು ಕಿಲೋ ತೂಗುತ್ತದೆ. ಮಣ್ಣಿನ ಗೋಡೆಯ ಬುಡವನ್ನೇ ತೋಡುತ್ತದೆ. ಅದರ ಕಿರಿಯ ಬಂಧು ಹೊಲದ ತೆನೆಯನ್ನೂ ಕಡಲೇಕಾಯಿಯನ್ನೂ ಬಿಲಕ್ಕೆ ಹೊತ್ತು ಕೂಡಿಡುತ್ತದೆ. ಸಾಲ ಮಾಡಿ ಬಿತ್ತಿದವನಿಗೆ ಗಣಪತಿಯ ವಾಹನದ ನೆನಪು ಆಗ ಬರಲಾರದು. ಬೊಕ್ಕಸ ನುಂಗುವವರನ್ನು ಹೆಗ್ಗಣವೆನ್ನುವುದು ಮಾತ್ರ ಅನ್ಯಾಯ; ಹೆಗ್ಗಣ ಹಸಿವಿಗಾಗಿ ಕದಿಯುತ್ತದೆ.

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ನಿಂತಿರುವುದೇ ಅದು ಬೇರೆ ಯಾರಿಗೂ ಮುದ್ದಾಗದು ಎಂಬ ನಂಬಿಕೆಯ ಮೇಲೆ. ಕಾಂಬೋಡಿಯಾದಲ್ಲಿ ಆ ನಂಬಿಕೆ ಸುಳ್ಳಾಯಿತು. ಟಾಂಜಾನಿಯಾದಲ್ಲಿ ಹುಟ್ಟಿ ತರಬೇತಿ ಪಡೆದ ಮಗಾವಾ ಎಂಬ ಆಫ್ರಿಕದ ದೈತ್ಯ ಇಲಿ ಅಲ್ಲಿ ನೂರಕ್ಕೂ ಹೆಚ್ಚು ನೆಲಬಾಂಬುಗಳನ್ನೂ ಸಿಡಿಯದ ಮದ್ದುಗುಂಡುಗಳನ್ನೂ ಮೂಸಿ ಪತ್ತೆಹಚ್ಚಿತು. ಅದರ ತೂಕ 1.2 ಕಿಲೋ, ಹೆಚ್ಚುಕಡಿಮೆ ನಮ್ಮ ಹೆಗ್ಗಣದಷ್ಟೇ. ಕಾಲಿಟ್ಟರೂ ಬಾಂಬು ಸಿಡಿಯದು. ಲೋಹಶೋಧಕ ಹಿಡಿದ ಮನುಷ್ಯ ಹಳೆಯ ಮೊಳೆಗೂ ನಿಲ್ಲಬೇಕು. ಇಲಿ ಸಿಡಿಮದ್ದಿನ ವಾಸನೆಗೆ ಮಾತ್ರ ನಿಂತು ನೆಲ ಕೆರೆಯುತ್ತದೆ. ಟೆನಿಸ್ ಅಂಗಳದಷ್ಟು ನೆಲಕ್ಕೆ ಅದಕ್ಕೆ ಅರ್ಧ ಗಂಟೆ ಸಾಕು. 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಮಗಾವಾಗೆ ಚಿನ್ನದ ಪದಕ ತೊಡಿಸಿತು. 2022ರ ಜನವರಿಯಲ್ಲಿ ಅದು ಸತ್ತಾಗ ಜಗತ್ತಿನ ಪತ್ರಿಕೆಗಳು ಶೋಕವಾರ್ತೆ ಬರೆದವು.

ಪದಕ ದೂರದ ಮಾತಾಯಿತು. ನೆರೆಯ ತಮಿಳುನಾಡಿನ ಇರುಳರನ್ನು ನೋಡಿ. ಗದ್ದೆಯ ಬಿಲಕ್ಕೆ ಹೊಗೆ ಹಾಯಿಸಿ ಇಲಿ ಹಿಡಿಯುವುದರಲ್ಲಿ ಅವರು ನಿಪುಣರು. ಹುಲ್ಲು ಉರಿಯುವ ಮಡಕೆಗೆ ಬಾಯಿಟ್ಟು ಊದುತ್ತ ಕೈಯನ್ನೂ ಎದೆಯನ್ನೂ ಸುಟ್ಟುಕೊಂಡವರು ಅನೇಕರು. ಕೈಯಲ್ಲಿ ತಿರುಗಿಸುವ ಉಕ್ಕಿನ ಹೊಗೆಯಂತ್ರ ಬಂದದ್ದು ಈಚೆಗೆ. ಹಿಡಿದ ಇಲಿ ಅವರಿಗೆ ಊಟ. ಬಳಿಕ ಬಿಲವನ್ನು ಅಗೆದು, ಇಲಿ ಕೂಡಿಟ್ಟ ಭತ್ತವನ್ನು ಮಣ್ಣಿನಿಂದ ಬೇರ್ಪಡಿಸಿ ಮನೆಗೆ ಒಯ್ಯುತ್ತಾರೆ. ಹೊಲವಿಲ್ಲದವರ ಪಾಲಿನ ಸುಗ್ಗಿ ಅದು.