ವಿಜ್ಞಾನ ಸಂಘದಲ್ಲಿ ಕಾಮರ್ಸ್‌ನವರಿಗೇನು ಕೆಲಸ?

ವಿಜ್ಞಾನ ಸಂಘ, ವಿಜ್ಞಾನ ಪರಿಷತ್ತು ಎಂಬ ಮಾತು ಕೇಳಿದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರೂ ಪಿಸಿಎಂಬಿ ಕ್ಲಾಸಿನ ಕಡೆ ನೋಡುತ್ತಾರೆ. ಕಾಮರ್ಸ್ ಮತ್ತು ಆರ್ಟ್ಸ್‌ನವರು ನೋಟಿಸ್ ಓದದೆಯೇ ಮುಂದೆ ಹೋಗುತ್ತಾರೆ. ಅದರಲ್ಲೂ ಸಂಘದಲ್ಲಿ ಪಕ್ಷಿ ವಿಭಾಗ, ಸಸ್ಯ ವಿಭಾಗ, ಖಗೋಳ ವಿಭಾಗ ಎಂದು ವಿಷಯವಾರು ಗುಂಪುಗಳಿದ್ದರೆ, ಅದು ಆ ವಿಷಯ ಓದಿದವರಿಗೆ ಮಾತ್ರ ಎಂದು ನಾವೇ ತೀರ್ಮಾನ ಮಾಡಿಬಿಡುತ್ತೇವೆ. ನನ್ನ ಅಭಿಪ್ರಾಯ ಬೇರೆ. ಆ ಗುಂಪುಗಳಿಗೆ ನಾವು ಸೇರಲೇಬೇಕು, ಅವು ನಮ್ಮನ್ನು ಸೇರಿಸಿಕೊಳ್ಳಲೂ ಬೇಕು.

ಇಂಥ ಸಂಘದ ದೊಡ್ಡ ಸಭೆಯಲ್ಲಿ ನಾವು ಕೇಳುಗರು ಮಾತ್ರ. ಭಾಷಣ ಮುಗಿಯುತ್ತದೆ, ಟೀ ಬಿಸ್ಕತ್ತು ಕೊಡುತ್ತಾರೆ, ಮನೆಗೆ ಬರುತ್ತೇವೆ. ಹತ್ತು ಹದಿನೈದು ಜನರ ಗುಂಪಿನಲ್ಲಿ ಹಾಗೆ ಸುಮ್ಮನೆ ಕೂರಲು ಆಗುವುದಿಲ್ಲ. ಒಬ್ಬರು ನೋಡಬೇಕು, ಒಬ್ಬರು ಎಣಿಸಬೇಕು, ಒಬ್ಬರು ಬರೆದಿಡಬೇಕು. ಕೆಲಸ ಮಾಡುತ್ತಲೇ ಕಲಿಯುವುದರಿಂದ ಹೊಸಬರಿಗೆ ದೊಡ್ಡ ಸಭೆಗಿಂತ ಈ ಸಣ್ಣ ಗುಂಪೇ ಒಳ್ಳೆಯದು.

ಇದು ಹೊಸ ಪದ್ಧತಿಯೇನಲ್ಲ. 1883ರಲ್ಲಿ ಮುಂಬೈಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಆರಂಭಿಸಿದರು. ಅದಕ್ಕೆ ಸ್ವಂತ ಜಾಗವಿರಲಿಲ್ಲ. ಎಚ್.ಎಂ. ಫಿಪ್ಸನ್ ಎಂಬ ವ್ಯಾಪಾರಿ ತಮ್ಮ ಅಂಗಡಿಯ ಒಂದು ಭಾಗವನ್ನೇ ಬಿಟ್ಟುಕೊಟ್ಟರು. ಆರಂಭದ ವರ್ಷಗಳಲ್ಲೇ ಅಲ್ಲಿ ಸಸ್ತನಿ, ಪಕ್ಷಿ, ಕೀಟ, ಸಸ್ಯ ಎಂದು ಬೇರೆ ಬೇರೆ ವಿಭಾಗಗಳಾದವು.

ಹಲವು ವರ್ಷಗಳ ನಂತರ ಆ ಸೊಸೈಟಿಗೆ ಒಬ್ಬ ಹುಡುಗ ತಾನು ಹೊಡೆದ ಗುಬ್ಬಿಯನ್ನು ತಂದ. ಅದರ ಕತ್ತಿನ ಮೇಲೆ ಹಳದಿ ಬಣ್ಣವಿತ್ತು. ಅದು ಯಾವ ಜಾತಿಯದು ಎಂಬುದು ಅವನ ಪ್ರಶ್ನೆ. ಗೌರವ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲಾರ್ಡ್ ಕೂಡ ವ್ಯಾಪಾರಿಯೇ. ಅವರು ಹುಡುಗನಿಗೆ ಸೊಸೈಟಿಯ ಪಕ್ಷಿ ಸಂಗ್ರಹ ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಆ ಹುಡುಗನೇ ಸಲೀಂ ಅಲಿ. ಮುಂದೆ ಅವರು ಬರ್ಮಾದಲ್ಲಿ ಕುಟುಂಬದ ವ್ಯವಹಾರ ನೋಡಿಕೊಂಡು ಮರಳಿ ಬಂದ ಮೇಲೆ ಮುಂಬೈಯ ದಾವರ್ಸ್ ಕಾಲೇಜ್ ಆಫ್ ಕಾಮರ್ಸ್ ಸೇರಿ ಕಮರ್ಷಿಯಲ್ ಲಾ ಮತ್ತು ಅಕೌಂಟೆನ್ಸಿ ಓದಿದರು. ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಓದಿದರು. 1939–40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದವರು ಅವರೇ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ.

ಕಾಮರ್ಸ್ ಓದಿದವರೆಲ್ಲ ಸಲೀಂ ಅಲಿ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹುಡುಗನ ಕೈಯಲ್ಲಿ ಒಂದು ಪ್ರಶ್ನೆ ಇತ್ತು, ಸೊಸೈಟಿಗೆ ಅಷ್ಟು ಸಾಕಾಯಿತು. ಇಂದಿನ ಸಂಘಗಳೂ ಹಾಗೇ ನಡೆದುಕೊಳ್ಳಲಿ ಎಂಬುದಷ್ಟೇ ನನ್ನ ಮಾತು.

ನಮ್ಮ ಕ್ಲಾಸಿನಲ್ಲಿ ಎಷ್ಟೋ ಜನ ಕಾಮರ್ಸ್ ಆರಿಸಿದ್ದು ವಿಜ್ಞಾನ ಇಷ್ಟವಿಲ್ಲ ಎಂದಲ್ಲ. ಸೈನ್ಸ್‌ನ ಫೀಸು, ಅದರ ಮೇಲೆ ಕೋಚಿಂಗ್ ಖರ್ಚು ಮನೆಯವರಿಗೆ ಭಾರವಾಗುತ್ತಿತ್ತು. ಕೆಲವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ನಾಲ್ಕು ಅಂಕ ಕಡಿಮೆ ಬಂತು. ಹದಿನಾರನೇ ವಯಸ್ಸಿನ ಆ ಒಂದು ತೀರ್ಮಾನದಿಂದ ನಕ್ಷತ್ರ, ಗಿಡ, ಹಕ್ಕಿ ಎಲ್ಲವೂ ಜೀವನಪೂರ್ತಿ ಬೇರೆಯವರ ಪಾಲಾಗಬೇಕೇ? ಇಂಥ ಸಂಘದ ಗುಂಪು ನಮಗೆ ಉಳಿದಿರುವ ಬಾಗಿಲು. ಅದನ್ನೂ ನಾವೇ ಮುಚ್ಚಿಕೊಳ್ಳುವುದು ಸರಿಯಲ್ಲ.

ಏನೂ ಗೊತ್ತಿಲ್ಲದವರು ಬಂದರೆ ಗುಂಪಿನ ಮಟ್ಟ ಇಳಿಯುತ್ತದೆ ಎಂದು ಸೈನ್ಸ್ ಗೆಳೆಯರು ಹೇಳಬಹುದು. ಅದರಲ್ಲಿ ಸ್ವಲ್ಪ ಸತ್ಯವಿದೆ. ಸರ್ಟಿಫಿಕೇಟ್‌ಗಾಗಿ ಸೇರುವವರಿಂದ ಯಾರಿಗೂ ಉಪಯೋಗವಿಲ್ಲ. ಆದರೆ ಎಸ್‌ಇಬಿಎ ವಿದ್ಯಾರ್ಥಿಗಳ ಮೊದಲ ಅಕ್ಷರವೇ ಸ್ಟ್ಯಾಟಿಸ್ಟಿಕ್ಸ್. ಕೇರಳದಲ್ಲಿ 2015ರಿಂದ 2020ರವರೆಗೆ ಇಡೀ ರಾಜ್ಯದ ಪಕ್ಷಿಗಳ ಅಟ್ಲಾಸ್ ತಯಾರಾಯಿತು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಅದರಲ್ಲಿ ದುಡಿದರು. ರಾಜ್ಯವನ್ನು ಚೌಕಗಳಾಗಿ ಭಾಗಿಸಿ, ರ್‍ಯಾಂಡಮ್ ಆಗಿ ಆರಿಸಿದ ಜಾಗಗಳಲ್ಲಿ ಒಣಕಾಲ, ಮಳೆಗಾಲ ಎರಡರಲ್ಲೂ ಎಣಿಕೆ ಮಾಡಿದರು. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸ್ಯಾಂಪ್ಲಿಂಗ್ ಅಲ್ಲಿ ನಿಜವಾದ ಕೆಲಸಕ್ಕೆ ಬಂದಿದೆ. ಹಕ್ಕಿಯ ಹೆಸರು ಅವರು ನಮಗೆ ಹೇಳಿಕೊಡಲಿ, ಲೆಕ್ಕ ಸರಿಯಾಗಿ ಇಡುವುದನ್ನು ನಾವು ತೋರಿಸೋಣ.

ಎರಡನೇ ಅಡ್ಡಿ ಭಾಷೆ. ನಮ್ಮಲ್ಲಿ ಬಹಳ ಜನರ ಮನೆಮಾತು ಉರ್ದು. ನಾಲ್ಕು ಜನರ ಮುಂದೆ ಕನ್ನಡದಲ್ಲಿ ಮಾತಾಡುವಾಗ ಎಲ್ಲಿ ತಪ್ಪಾಗುತ್ತದೋ ಎಂದು ಹಿಂಜರಿಯುತ್ತೇವೆ. ಈ ಹೆದರಿಕೆಗೂ ಸಣ್ಣ ಗುಂಪೇ ಔಷಧಿ. ಪುಸ್ತಕದಲ್ಲಿ ಗೊರವಂಕ ಎಂದಿರುವುದು ನಮ್ಮ ಮನೆಯ ಮೈನಾ, ಪಿಕಳಾರ ಎಂದಿರುವುದು ನಮ್ಮ ಬುಲ್‌ಬುಲ್. ಇಂಗ್ಲಿಷಿನವರೂ ನಮ್ಮ ಹೆಸರುಗಳನ್ನೇ ತೆಗೆದುಕೊಂಡಿದ್ದಾರೆ. ಗುಂಪಿನಲ್ಲಿ ಒಂದು ಹಕ್ಕಿಗೆ ಮೂರು ಹೆಸರು ಹೇಳಬಲ್ಲವರು ಇದ್ದರೆ ಅದು ಗುಂಪಿಗೇ ಲಾಭ.

ಮೂರನೆಯದು ಮನೆಯವರ ಚಿಂತೆ. ಬೆಳಗಿನ ಆರು ಗಂಟೆಗೆ ಕೆರೆ ಹತ್ತಿರ, ರಾತ್ರಿ ಟೆಲಿಸ್ಕೋಪ್ ಹತ್ತಿರ ಎಂದರೆ ಅಮ್ಮಿ-ಅಬ್ಬಾ ಒಪ್ಪುವುದು ಕಷ್ಟ, ಹುಡುಗಿಯರ ವಿಷಯದಲ್ಲಂತೂ ಇನ್ನೂ ಕಷ್ಟ. ಅವರ ಮೇಲೆ ಬೇಸರಪಟ್ಟುಕೊಳ್ಳುವುದಕ್ಕಿಂತ ಒಪ್ಪುವಂಥ ದಾರಿ ಹುಡುಕಬೇಕು. ಲೆಕ್ಚರರ್ ಒಬ್ಬರು ಜೊತೆಗಿರಲಿ, ಜಾಗ ಮತ್ತು ಸಮಯವನ್ನು ಮನೆಗೆ ಮೊದಲೇ ತಿಳಿಸಲಿ. ಕಾಲೇಜಿನ ಆವರಣದಲ್ಲೇ ಮಾಡಬಹುದಾದ ಕೆಲಸವೂ ಇದೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನ ಅಂಗವಾಗಿ ನಮ್ಮ ದೇಶದಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ಇದೆ. ಒಂದು ಎಣಿಕೆಗೆ ಕನಿಷ್ಠ 15 ನಿಮಿಷ ಕೊಟ್ಟರೆ ಸಾಕು. ವಾರ್ಷಿಕ ಪರೀಕ್ಷೆ ಹತ್ತಿರವಿದ್ದರೂ 15 ನಿಮಿಷಕ್ಕೆ ಯಾರ ಅಂಕವೂ ಕಡಿಮೆಯಾಗದು.

ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಕನ್ನಡದಲ್ಲೇ ವಿಜ್ಞಾನವನ್ನು ಜನರಿಗೆ ತಲುಪಿಸುತ್ತಿದೆ. ಅದರ ‘ಬಾಲ ವಿಜ್ಞಾನ’ ಪತ್ರಿಕೆ ಓದಲು ಯಾವ ಕಾಂಬಿನೇಷನ್ನೂ ಬೇಕಿಲ್ಲ. ಅದು ನಡೆಸುವ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗೆ. ಅಲ್ಲಿ ತಂಡವಾಗಿ ತಮ್ಮ ಊರಿನದೇ ಸಮಸ್ಯೆಯೊಂದನ್ನು ಅಧ್ಯಯನ ಮಾಡಬೇಕು.

ಕಾಲೇಜಿಗೆ ನನ್ನ ವಿನಂತಿ ಮೂರು. ವಿಜ್ಞಾನ ಸಂಘಗಳ ನೋಟಿಸನ್ನು ಕಾಮರ್ಸ್, ಆರ್ಟ್ಸ್ ಕ್ಲಾಸುಗಳಲ್ಲೂ ಓದಿಸಿ. ಹೆಸರು ಕೊಡುವವರನ್ನು ‘ಯಾವ ಕ್ಲಾಸು?’ ಎನ್ನುವ ಮೊದಲು ‘ಏನು ತಿಳಿಯಬೇಕು ಅಂತಿದೀರಿ?’ ಎಂದು ಕೇಳಿ. ಪ್ರತಿ ಗುಂಪಿನಲ್ಲೂ ಎರಡು ಸ್ಥಾನವನ್ನಾದರೂ ಸೈನ್ಸ್ ಓದದವರಿಗೆ ಇಡಿ.

ಗೆಳೆಯ ಗೆಳತಿಯರಿಗೂ ಒಂದು ಮಾತು. ಒಟ್ಟಿಗೆ ನಾಲ್ಕು ಗುಂಪಿಗೆ ಹೆಸರು ಕೊಟ್ಟು ಎಲ್ಲೂ ಹೋಗದೆ ಇರುವುದು ಬೇಡ. ನಿಮಗೆ ನಿಜವಾಗಿ ಕುತೂಹಲವಿರುವ ಒಂದೇ ಗುಂಪನ್ನು ಆರಿಸಿಕೊಳ್ಳಿ, ಒಂದು ವರ್ಷ ಬಿಡದೆ ಹೋಗಿ, ಒಂದು ನೋಟ್‌ಬುಕ್ ಇಡಿ. ಲೆಡ್ಜರ್ ಬರೆಯಲು ಕಲಿತ ಕೈಗೆ ಅದೇನೂ ಕಷ್ಟವಲ್ಲ.