ಬೆಳಕಿನ ಕತ್ತಿಯ ಹಿಡಿ

ನಾಟಕದ ರಾಜನ ಕಿರೀಟ ರಟ್ಟಿನದೆಂಬುದು ಪ್ರೇಕ್ಷಕರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ತೆರೆಯೆದ್ದೊಡನೆ ಅದು ಅಪ್ಪಟ ಚಿನ್ನ. ತೆರೆ ಬಿದ್ದೊಡನೆ ಮತ್ತೆ ರಟ್ಟು. ಆ ಕಿರೀಟದಂಥದೇ ಇನ್ನೊಂದನ್ನು, ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ, ತಾನೇ ಮಾಡಿ ಮನೆಯಲ್ಲಿಟ್ಟುಕೊಳ್ಳಬೇಕೆಂದು ಹಂಬಲಿಸುವವರನ್ನು ಏನೆಂದು ಕರೆಯೋಣ? ಚಲಚ್ಚಿತ್ರಗಳಲ್ಲಿ ಕಂಡ ಕಾಲ್ಪನಿಕ ಆಯುಧಗಳನ್ನೂ ಉಪಕರಣಗಳನ್ನೂ ಬಿಡಿಭಾಗಗಳಿಂದ ಜೋಡಿಸಿಕೊಳ್ಳುವುದು ಅಮೆರಿಕ, ಇಂಗ್ಲೆಂಡುಗಳಲ್ಲಿ ಇಂದು ದೊಡ್ಡವರ ಹವ್ಯಾಸ. ಅದಕ್ಕೆ ಬೇಕಾದ ಭಾಗಗಳು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಮಾರಾಟಕ್ಕೂ ಬರುತ್ತವೆ.

ಈ ಹವ್ಯಾಸಿಗಳು ಬಹಳವಾಗಿ ಬಯಸುವ ವಸ್ತುಗಳಲ್ಲೊಂದು, 1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಬೆಳಕಿನ ಕತ್ತಿ. ಕಥೆಯಲ್ಲಿ ವೃದ್ಧ ಯೋಧನೊಬ್ಬ ತರುಣನಿಗೆ ಅವನ ತಂದೆಯ ಆಯುಧವೆಂದು ಅದನ್ನು ಒಪ್ಪಿಸುತ್ತಾನೆ. ಗುಂಡಿಯನ್ನೊತ್ತಿದರೆ ಹಿಡಿಯಿಂದ ಪ್ರಕಾಶದ ಅಲಗು ಹೊಮ್ಮುತ್ತದೆ. ಆ ಅಲಗು ನಿಜವಾಗಿ ಎಲ್ಲಿಯೂ ಇರಲಿಲ್ಲ. ಬೆಳಕನ್ನು ಪ್ರತಿಫಲಿಸುವ ಪದರವನ್ನು ಸುತ್ತಿದ ಕೋಲನ್ನು ತಿರುಗಿಸಿ ಚಿತ್ರೀಕರಿಸಿ, ಅನಂತರ ಒಂದೊಂದು ಚಿತ್ರಿಕೆಯ ಮೇಲೂ ಹೊಳಪನ್ನು ಕೂಡಿಸಿದರು. ಕೈಯಲ್ಲಿ ಹಿಡಿಯಲು ಸಿಕ್ಕಿದ್ದು ಹಿಡಿ ಮಾತ್ರ.

ಆ ಹಿಡಿಯ ಜನ್ಮವೃತ್ತಾಂತ ಕಥೆಗಿಂತ ಸ್ವಾರಸ್ಯವಾದುದು. ಚಿತ್ರಕ್ಕೆ ಬೇಕಾದ ಸಾಮಾನು ಸರಂಜಾಮುಗಳ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರ ಕೈಯಲ್ಲಿ ಹಣ ಹೆಚ್ಚಿರಲಿಲ್ಲ, ಕಾಲವೂ ಹೆಚ್ಚಿರಲಿಲ್ಲ. ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಅವರಿಗೆ ‘ಗ್ರಾಫ್ಲೆಕ್ಸ್’ ಎಂಬ ಹಳೆಯ ಫ್ಲಾಷ್ ದೀಪದ ಹಿಡಿಗಳು ದೊರೆತವು. ಹೊಳೆಯುವ ಲೋಹದ ಕೊಳವೆ, ಒಂದು ಕೆಂಪು ಗುಂಡಿ. ಅರ್ಧ ಕತ್ತಿ ಅಲ್ಲಿಯೇ ಸಿದ್ಧವಾಗಿತ್ತು! ಕೆಳಭಾಗಕ್ಕೆ ಕರಿಯ ಪಟ್ಟಿಗಳನ್ನು ಅಂಟಿಸಿದರು. ನಡುವಣ ಹಿಡಿಕಟ್ಟಿಗೆ ಹಳೆಯ ಕ್ಯಾಲ್ಕುಲೇಟರಿನ ಅಂಕೆಗಳನ್ನು ದೊಡ್ಡದಾಗಿ ತೋರಿಸುವ ಗುಳ್ಳೆಗಳ ಪಟ್ಟಿಯನ್ನು ಸಿಕ್ಕಿಸಿದರು. ಸೊಂಟಪಟ್ಟಿಗೆ ತೂಗುಹಾಕಲು ಉಂಗುರವನ್ನು ಸೇರಿಸಿದರು. ಅಷ್ಟೇ. 1978ರಲ್ಲಿ ಆ ಚಿತ್ರದ ಕಲಾನಿರ್ದೇಶನಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ಅದನ್ನು ಪಡೆದವರಲ್ಲಿ ಕ್ರಿಶ್ಚಿಯನ್ ಅವರೂ ಒಬ್ಬರು.

ಅವಸರದ ಕೈ ಮಾಡಿದ್ದನ್ನು ಅನುಸರಿಸಲು ಹವ್ಯಾಸಿಗೆ ತಿಂಗಳುಗಳೇ ಬೇಕಾಗುತ್ತವೆ. ಪೆಟ್ಟಿಗೆಯನ್ನು ತೆರೆದೊಡನೆ ಕೆಲಸ ಸುಲಭವೆನಿಸುತ್ತದೆ: ಕೊಳವೆ, ಹಿಡಿಕಟ್ಟು, ಪಟ್ಟಿಗಳು, ಉಂಗುರ. ಆದರೆ ದುಂಡನೆಯ ಕೊಳವೆಯ ಮೇಲೆ ಪಟ್ಟಿಗಳನ್ನು ಸಮಾನ ಅಂತರದಲ್ಲಿ ನೆಟ್ಟಗೆ ನಿಲ್ಲಿಸುವುದು ಕಣ್ಣಳತೆಯಿಂದ ಸಾಗುವ ಕೆಲಸವಲ್ಲ. ಕೊಳವೆಗೆ ಕಾಗದವನ್ನು ಸುತ್ತಿ, ಸುತ್ತಳತೆಯನ್ನು ಗುರುತಿಸಿ, ಬಿಡಿಸಿ, ಸಮಭಾಗ ಮಾಡಿ, ಮತ್ತೆ ಸುತ್ತಿ ಗೆರೆ ಎಳೆದುಕೊಳ್ಳಬೇಕು. ಲೋಹದ ಮೇಲಿನ ಎಣ್ಣೆಯ ಪಸೆಯನ್ನು ಒರಸದಿದ್ದರೆ ಅಂಟು ಹಿಡಿಯದು. ಶೀಘ್ರವಾಗಿ ಒಣಗುವ ಅಂಟಾದರೆ ತಪ್ಪನ್ನು ತಿದ್ದಲು ಅವಕಾಶ ಕೊಡದು. ಇಷ್ಟೆಲ್ಲ ಆದಮೇಲೆ ವಸ್ತು ತೀರ ಹೊಸದಾಗಿ ಹೊಳೆಯುತ್ತದೆಂಬ ಕೊರಗು! ತಂದೆಯಿಂದ ಮಗನಿಗೆ ಬಂದ ಆಯುಧ ಹೊಳೆಯಬಹುದೆ? ಆದುದರಿಂದ ಕೆಲವರು ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಮಸಿ ಬಣ್ಣ ಬಳಿದು ಒರಸಿ, ಇಲ್ಲದ ವಯಸ್ಸನ್ನು ಅದಕ್ಕೆ ತರುತ್ತಾರೆ.

ಇದನ್ನು ಬರಿಯ ಹುಡುಗಾಟವೆಂದು ನಕ್ಕುಬಿಡುವಂತಿಲ್ಲ. ಇದರಲ್ಲೊಂದು ನೋವಿನ ಎಳೆಯೂ ಇದೆ. ಗ್ರಾಫ್ಲೆಕ್ಸ್ ಹಿಡಿ ಮೊದಲಿಗೆ ಆಟದ ಸಾಮಾನಾಗಿರಲಿಲ್ಲ. ಅದೇ ಹೆಸರಿನ ಅಮೆರಿಕದ ಸಂಸ್ಥೆ 1912ರಿಂದ ತಯಾರಿಸುತ್ತಿದ್ದ ‘ಸ್ಪೀಡ್ ಗ್ರಾಫಿಕ್’ ಕ್ಯಾಮೆರಾ ದಶಕಗಳ ಕಾಲ ಅಲ್ಲಿನ ವೃತ್ತಪತ್ರಿಕೆಯ ಛಾಯಾಗ್ರಾಹಕರ ಬಲಗೈಯಾಗಿತ್ತು. 1945ರಲ್ಲಿ ಇವೊ ಜಿಮಾ ದ್ವೀಪದಲ್ಲಿ ಸೈನಿಕರು ಬಾವುಟವನ್ನೆತ್ತುತ್ತಿರುವ ಲೋಕಪ್ರಸಿದ್ಧ ಚಿತ್ರವನ್ನು ಜೋ ರೋಸೆಂಥಾಲ್ ತೆಗೆದದ್ದೂ ಆ ಕ್ಯಾಮೆರಾದಿಂದಲೇ. ಕತ್ತಲೆಯಲ್ಲಿ ಅಂಥ ಕ್ಯಾಮೆರಾಗಳಿಗೆ ಕಣ್ಣು ಕೊಟ್ಟದ್ದು ಈ ಹಿಡಿ. ಒಳಗೆ ಮೂರು ದೊಡ್ಡ ಬ್ಯಾಟರಿಗಳು, ತಲೆಯ ಮೇಲೆ ಗಾಜಿನ ಬುರುಡೆ, ಅದರ ಹಿಂದೆ ಬೋಗುಣಿಯಂಥ ಪ್ರತಿಫಲಕ. ವಿದ್ಯುತ್ತು ಹರಿದೊಡನೆ ಬುರುಡೆಯೊಳಗಿನ ಲೋಹದ ಎಳೆಗಳು ಭಗ್ಗನೆ ಉರಿದು ಮುಗಿಯುತ್ತಿದ್ದವು. ಒಂದು ಚಿತ್ರಕ್ಕೆ ಒಂದು ಬುರುಡೆ ಆಹುತಿ. ಎಲೆಕ್ಟ್ರಾನಿಕ್ ಫ್ಲಾಷ್ ಬಂದಮೇಲೆ ಹಿಡಿಗಳು ಮೂಲೆ ಸೇರಿದವು. 1973ರಲ್ಲಿ ಸಂಸ್ಥೆಯೇ ಬಾಗಿಲು ಮುಚ್ಚಿತು.

ಇನ್ನು ಮುಂದೆ ತಯಾರಾಗದ ವಸ್ತುವಿಗೆ ಹೀಗೆ ಕೀರ್ತಿ ಬಂದರೆ ಗತಿಯೇನು? ಕತ್ತಿಯ ಗುಟ್ಟು ತಿಳಿದವರು ಹಳೆಯ ಹಿಡಿಗಳನ್ನು ಹುಡುಕಿ ಹುಡುಕಿ ಕೊಂಡರು. ಬೆಲೆ ಹಲವು ಮಡಿ ಏರಿತು. ಹಿಡಿಯನ್ನು ಇಟ್ಟುಕೊಂಡು ಪ್ರತಿಫಲಕವನ್ನು ಬೇರ್ಪಡಿಸಿದರು. ಉಂಗುರಕ್ಕೆಂದು ಕೊಳವೆಗೆ ರಂಧ್ರ ಕೊರೆದರು. ಹಳೆಯ ಕ್ಯಾಮೆರಾಗಳನ್ನು ಪೂರ್ಣರೂಪದಲ್ಲಿ ಉಳಿಸಿಕೊಳ್ಳಬಯಸುವವರಿಗೆ ಇದು ಹೊಟ್ಟೆಯುರಿಯುವ ಸಂಗತಿಯಾದುದು ಸಹಜ. ಒಬ್ಬರ ಪೂಜೆಗೆ ಇನ್ನೊಬ್ಬರ ಗಿಡದ ಹೂವನ್ನೆಲ್ಲ ಕೊಯ್ದಂತಾಯಿತು.

ಇಲ್ಲಿಯೇ ಬಿಡಿಭಾಗಗಳ ಪೆಟ್ಟಿಗೆಯ ಬೆಲೆ ತಿಳಿಯುವುದು. ಹೊಸದಾಗಿ ಎರಕ ಹೊಯ್ದು, ಕಡೆದು ಮಾಡಿದ ಭಾಗಗಳಿಂದ ಕತ್ತಿಯನ್ನು ಕಟ್ಟುವವನಿಗೆ ‘ಅಸಲು’ ಎಂಬ ಹೆಮ್ಮೆ ದೊರೆಯದಿರಬಹುದು. ಆದರೆ ಎಲ್ಲಿಯೋ ಒಂದು ಹಳೆಯ ಫ್ಲಾಷ್ ಹಿಡಿ ರಂಧ್ರವಿಲ್ಲದೆ ಉಳಿಯುತ್ತದೆ. ನಕಲು ಅಸಲನ್ನು ಕೆಡಿಸುತ್ತದೆಂಬುದು ಲೋಕದ ಸಾಮಾನ್ಯ ದೂರು. ಇಲ್ಲಿ ನಕಲೇ ಅಸಲಿಗೆ ಕಾವಲಾಗಿ ನಿಂತಿದೆ. ಒಮ್ಮೆ ನಿಜವಾದ ಬೆಳಕನ್ನು ಚಿಮ್ಮಿಸಿ ಜಗತ್ತಿನ ಸುಖದುಃಖಗಳನ್ನು ಕಾಗದಕ್ಕಿಳಿಸಿದ ಹಿಡಿಯೊಂದು, ಎಂದೂ ಇರದಿದ್ದ ಬೆಳಕಿನ ಹೆಸರಿನಲ್ಲಿ ನಾಶವಾಗದಿರಲಿ ಎಂದು ಬಯಸುವವರೆಲ್ಲರೂ ಆ ಪೆಟ್ಟಿಗೆಗೆ ಋಣಿಗಳು.