ಮತ ಹಾಕುವುದೂ ಅನುಮೋದನೆಯೇ



ಚುನಾವಣೆ ಬಂದಿತೆಂದರೆ ಉಮೇದುವಾರರು ನಮ್ಮ ಅಂಗಡಿಯ ಕಟ್ಟೆಗೂ ಬರುತ್ತಾರೆ, ಬಸದಿಯ ಅಂಗಳಕ್ಕೂ ಬರುತ್ತಾರೆ. ದತ್ತವಾಡವು ಶಿರೋಳ ವಿಧಾನಸಭಾ ಕ್ಷೇತ್ರದ ಊರು. ಇಲ್ಲಿ ಕಬ್ಬಿನ ದರ, ಮಹಾಪೂರದ ಪರಿಹಾರ, ರಸ್ತೆ, ಇವೇ ಮಾತು. ನಾವೂ ಅವನ್ನೇ ಕೇಳುತ್ತೇವೆ, ಕೇಳಲೂಬೇಕು. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಎಂದೂ ಕೇಳದ ಪ್ರಶ್ನೆಯೊಂದಿದೆ: ಫಾಶಿ ಶಿಕ್ಷೆಯ ಬಗ್ಗೆ ತಮ್ಮ ನಿಲುವೇನು?

“ಅದು ಕೋರ್ಟಿನ ಕೆಲಸ, ಆಮದಾರ ಖಾಸದಾರರಿಗೆ ಏನು ಸಂಬಂಧ?” ಎಂದು ಕೆಲವರು ಅನ್ನಬಹುದು. ಸಂಬಂಧವಿದೆ. ಯಾವ ಅಪರಾಧಕ್ಕೆ ಮರಣದಂಡನೆ ಎಂಬ ಕಾನೂನು ಮಾಡುವವರು ಅವರೇ. ಮಹಾರಾಷ್ಟ್ರ ವಿಧಾನಸಭೆಯು 2021ರ ಡಿಸೆಂಬರಿನಲ್ಲಿ ‘ಶಕ್ತಿ’ ವಿಧೇಯಕವನ್ನು ಒಮ್ಮತದಿಂದ ಅಂಗೀಕರಿಸಿತು. ಅತ್ಯಾಚಾರದಂಥ ಅಪರಾಧಗಳಿಗೂ ಗಲ್ಲು ಎಂಬುದು ಅದರಲ್ಲಿತ್ತು. ಅದು ಜಾರಿಗೆ ಬರಲಿಲ್ಲವೆಂಬುದು ಬೇರೆ ಮಾತು. ಪಶ್ಚಿಮ ಬಂಗಾಲದ ವಿಧಾನಸಭೆಯೂ 2024ರ ಸಪ್ಟೆಂಬರಿನಲ್ಲಿ ಅಂಥದೇ ವಿಧೇಯಕವನ್ನು ಒಮ್ಮತದಿಂದ ಒಪ್ಪಿತು. ಉಳಿದೆಲ್ಲದಕ್ಕೂ ಜಗಳಾಡುವ ಪಕ್ಷಗಳು ಗಲ್ಲಿನ ವಿಷಯದಲ್ಲಿ ಮಾತ್ರ ಒಂದೇ ಪಂಕ್ತಿಯಲ್ಲಿ ಕುಳಿತವು.

ಬೇರೆ ಮಾತು ಆಡಿದವರು ಕೆಲವರೇ. ಚಿತ್ರನಟ ಪೃಥ್ವಿರಾಜ ಕಪೂರರು 1958ರಲ್ಲಿ ರಾಜ್ಯಸಭೆಯಲ್ಲಿ ಮರಣದಂಡನೆ ರದ್ದಾಗಬೇಕೆಂದು ಠರಾವು ತಂದು, ಚರ್ಚೆಯ ನಂತರ ಹಿಂದೆಗೆದುಕೊಂಡರು. 2015ರಲ್ಲಿ ಡಿ. ರಾಜಾ ಅವರು ಅದೇ ಸಭೆಯಲ್ಲಿ ಮತ್ತೆ ಆ ವಿಷಯವನ್ನು ಎತ್ತಿದರು. ಅದೇ ವರ್ಷ ಕಾನೂನು ಆಯೋಗವು ತನ್ನ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದವುಗಳಿಗೆ ಗಲ್ಲು ಬೇಡವೆಂದು ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾತ್ರ ಮರಣದಂಡನೆ ಹಾಗೆಯೇ ಉಳಿಯಿತು.

ನಮ್ಮ ಕೊಲ್ಲಾಪುರದ ಮೊಕದ್ದಮೆಯನ್ನೇ ನೋಡೋಣ. ಮಕ್ಕಳನ್ನು ಅಪಹರಿಸಿ, ಕಳ್ಳತನಕ್ಕೆ ಬಳಸಿ, ಅವರಲ್ಲಿ ಹಲವರನ್ನು ಕೊಂದ ಗಾವಿತ ಸಹೋದರಿಯರಿಗೆ ಕೊಲ್ಲಾಪುರದ ಸೆಶನ್ಸ್ ಕೋರ್ಟು 2001ರಲ್ಲಿ ಫಾಶಿ ವಿಧಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಖಾಯಂ ಮಾಡಿತು. 2014ರಲ್ಲಿ ರಾಷ್ಟ್ರಪತಿಗಳು ದಯಾ ಅರ್ಜಿಯನ್ನು ತಳ್ಳಿಹಾಕಿದರು. ಆ ಅರ್ಜಿಯ ಇತ್ಯರ್ಥಕ್ಕೆ ಏಳು ವರ್ಷಕ್ಕೂ ಹೆಚ್ಚು ಕಾಲ ತಗಲಿದ ಕಾರಣ 2022ರ ಜನವರಿ 18ರಂದು ಮುಂಬಯಿ ಹೈಕೋರ್ಟು ಗಲ್ಲನ್ನು ಆಜೀವ ಕಾರಾವಾಸಕ್ಕೆ ಇಳಿಸಿತು. ಕಡತಗಳು ಸರಕಾರದ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾಗ ಆಳಿದವರು ನಮ್ಮ ಮತದಿಂದಲೇ ಆರಿಸಿ ಹೋದವರು. ಸಭೆಯಲ್ಲಿ “ಫಾಶಿ, ಫಾಶಿ” ಎಂದು ಕೂಗುವುದು ಸುಲಭ. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಹೊತ್ತಿಗೆ ಸರಿಯಾಗಿ ನ್ಯಾಯ ಮುಟ್ಟಿಸುವುದು ಕಷ್ಟ.

ಇನ್ನೊಂದು ಮೊಕದ್ದಮೆಯೂ ನಮ್ಮ ರಾಜ್ಯದ್ದೇ. 2003ರಲ್ಲಿ ನಡೆದ ಕೊಲೆಗಳಿಗಾಗಿ ಅಲೆಮಾರಿ ಸಮಾಜದ ಆರು ಜನ ಬಡವರಿಗೆ 2009ರಲ್ಲಿ ಸುಪ್ರೀಂ ಕೋರ್ಟು ಗಲ್ಲು ಖಾಯಂ ಮಾಡಿತ್ತು. 2019ರಲ್ಲಿ ಅದೇ ಕೋರ್ಟು ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟು, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ವ್ಯಾಪಾರಸ್ಥರಾದ ನಮಗೆ ಇದು ಬೇಗ ತಿಳಿಯಬೇಕು. ಕೀರ್ದಿಯಲ್ಲಿ ತಪ್ಪಿ ಬರೆದ ರಕಮನ್ನು ಮರುದಿನ ಜಮಾ ತೋರಿಸಿ ಸರಿಪಡಿಸಬಹುದು. ತೆಗೆದ ಪ್ರಾಣವನ್ನು ಯಾವ ಖಾತೆಯಲ್ಲಿ ಜಮಾ ಮಾಡುವುದು?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳಿಗೆ ಐವರ ಹೆಸರು ಬಂದಿವೆ. ಅಹಿಂಸಾಣುವ್ರತಕ್ಕೆ ಹೆಸರಾದವನು ಅರಸನಲ್ಲ, ಶ್ರೇಷ್ಠಿಯಲ್ಲ. ಅಪರಾಧಿಗಳನ್ನು ಕೊಲ್ಲುವುದೇ ಕಸುಬಾಗಿದ್ದ ಮಾತಂಗ ಯಮಪಾಲ. ಚತುರ್ದಶಿಯಂದು ಕೊಲ್ಲುವುದಿಲ್ಲವೆಂದು ಮುನಿಗಳಲ್ಲಿ ವ್ರತ ಹಿಡಿದಿದ್ದ. ಆ ದಿನವೇ ಅರಸನು ತಪ್ಪಿತಸ್ಥನಾದ ತನ್ನ ಮಗನನ್ನು ಕೊಲ್ಲೆಂದು ಆಜ್ಞೆ ಮಾಡಿದ. ರಾಜಕುಮಾರನ ತಪ್ಪು ನಿಜವಾಗಿತ್ತು. ಆದರೂ ಯಮಪಾಲ ಕೈ ಎತ್ತಲಿಲ್ಲ, ತನ್ನ ಪ್ರಾಣವನ್ನೇ ಒಡ್ಡಿದ. ಅಚೌರ್ಯಕ್ಕೆ ಹೆಸರಾದ ವಾರಿಷೇಣನ ಕಥೆ ಇದಕ್ಕೆ ಜೋಡಿ. ಕಳ್ಳನೊಬ್ಬ ಹಾರವನ್ನು ಅವನ ಮುಂದೆ ಬಿಸುಟು ಓಡಿದ್ದರಿಂದ, ತಂದೆ ಶ್ರೇಣಿಕ ಮಹಾರಾಜನೇ ನಿರಪರಾಧಿ ಮಗನ ಶಿರಚ್ಛೇದಕ್ಕೆ ಅಪ್ಪಣೆ ಕೊಟ್ಟ. ಅಲ್ಲಿ ಖಡ್ಗ ಹೂಮಾಲೆಯಾಯಿತು. ಈ ಕಾಲದಲ್ಲಿ ನೇಣಿನ ಹಗ್ಗ ಹೂಮಾಲೆಯಾಗುವುದಿಲ್ಲ.

“ಗೃಹಸ್ಥನಿಗೆ ವಿರೋಧೀ ಹಿಂಸೆಗೆ ವಿನಾಯಿತಿ ಇದೆ, ಭರತ ಚಕ್ರವರ್ತಿಯೇ ಶರೀರದಂಡ ತಂದನಲ್ಲ?” ಎಂದು ತಿಳಿದವರು ಕೇಳುತ್ತಾರೆ. ಕೇಳತಕ್ಕ ಮಾತೇ. ಆದರೆ ವಿರೋಧೀ ಹಿಂಸೆ ಎಂದರೆ ಮೇಲೆ ಬಿದ್ದು ಬಂದವನನ್ನು ತಡೆಯಲು ಅನಿವಾರ್ಯವಾಗಿ ಆಗುವಂಥದು. ಜೇಲಿನ ನಾಲ್ಕು ಗೋಡೆಯೊಳಗೆ ಕೂಡಿ ಹಾಕಿದವನು ಯಾರ ಮೇಲೂ ಬೀಳುತ್ತಿಲ್ಲ. ತಾರೀಖು ಗೊತ್ತು ಮಾಡಿ ಅವನ ಪ್ರಾಣ ತೆಗೆಯುವುದು ಸಂಕಲ್ಪೀ ಹಿಂಸೆಗೆ ಹತ್ತಿರವೆಂದೇ ನಮ್ಮ ತಿಳಿವಳಿಕೆ. ಕ್ರೂರಿಗಳನ್ನು ಬಿಟ್ಟುಬಿಡಿರೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಶ್ರದ್ಧಾನಂದ ಮೊಕದ್ದಮೆಯಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಬದಲು ಬದುಕಿರುವವರೆಗೂ ಬಿಡುಗಡೆ ಇಲ್ಲದ ಕಾರಾವಾಸವನ್ನು ವಿಧಿಸಿತು. ಸಮಾಜದ ರಕ್ಷಣೆಗೆ ಆ ದಾರಿ ತೆರೆದೇ ಇದೆ.

ಹಿಂದೆ ದಂಡ ಅರಸನ ಕೈಯಲ್ಲಿತ್ತು, ಅದರ ಪಾಪವೂ ಅವನದೆಂದು ಪ್ರಜೆ ಸುಮ್ಮನಿರಬಹುದಾಗಿತ್ತು. ಈಗ ಅರಸನನ್ನು ಆರಿಸುವವರು ನಾವು. ಕೃತ, ಕಾರಿತ, ಅನುಮೋದನ, ಈ ಮೂರರಿಂದಲೂ ಕರ್ಮಬಂಧವಿದೆಯೆಂದು ಪಾಠಶಾಲೆಯ ಮಕ್ಕಳೂ ಹೇಳುತ್ತಾರೆ. ಮತ ಹಾಕುವುದೂ ಒಂದು ಅನುಮೋದನೆಯೇ ಅಲ್ಲವೇ?

ಆದ್ದರಿಂದ ಉಮೇದುವಾರರು ಯಾವ ಪಕ್ಷದವರೇ ಇರಲಿ, ನಮ್ಮ ಸಮಾಜದವರೇ ಇರಲಿ, ಚಹಾ ಕೊಟ್ಟು ಕೂರಿಸಿ ಮೂರು ಮಾತು ಕೇಳಿರಿ. ಗಲ್ಲಿನ ಕಾನೂನನ್ನು ಹೆಚ್ಚಿಸಲು ಕೈ ಎತ್ತುವಿರಾ? ದಯಾ ಅರ್ಜಿಗಳನ್ನು ಹೊತ್ತಿಗೆ ಇತ್ಯರ್ಥ ಮಾಡಿಸುವಿರಾ? ಬಡ ಆರೋಪಿಗೆ ಒಳ್ಳೆಯ ವಕೀಲ, ನೊಂದ ಮನೆಗೆ ಬೇಗ ತೀರ್ಪು, ಇವೆರಡಕ್ಕೂ ಏನು ಮಾಡುವಿರಿ? ಉತ್ತರ ಏನೇ ಬರಲಿ, ಕೇಳಿದ ಮೇಲೆ ಹಾಕಿದ ಮತ ತಿಳಿದು ಹಾಕಿದ ಮತವಾಗುತ್ತದೆ.

ಶ್ರಾವಕ ಬಂಧುಗಳು ಮನೆಮಂದಿಯೊಂದಿಗೆ ಕುಳಿತು ಇದನ್ನು ವಿಚಾರ ಮಾಡಬೇಕೆಂದು ವಿನಂತಿ. ಜಯ ಜಿನೇಂದ್ರ.